ವಿದೇಶದ ಲ್ಯಾಬಿನಲ್ಲಿ ತೆಗೆದ ಡೇಟಾವನ್ನು ನನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಬಳಸಬಹುದೇ?

ಬಳಸಬಹುದು, ಆದರೆ ಆ ಲ್ಯಾಬಿನ ಲಿಖಿತ ಒಪ್ಪಿಗೆ ಬೇಕು. ಅದನ್ನು ಹೊರಡುವ ಮೊದಲೇ ಪಡೆಯಿರಿ. ಅಳತೆ ನಿಮ್ಮದಾದರೂ ಉಪಕರಣ, ಸ್ಯಾಂಪಲ್, ಹಣ ಅವರದು. ಪ್ರಾಜೆಕ್ಟಿಗೆ ಕಂಪನಿ ಹಣ ಹಾಕಿದ್ದರೆ, ಪೇಟೆಂಟ್ ಅರ್ಜಿ ಸಲ್ಲಿಸುವವರೆಗೆ ಏನನ್ನೂ ಪ್ರಕಟಿಸಬಾರದೆಂಬ ಷರತ್ತು ಸಾಮಾನ್ಯ. ಯುರೋಪಿನ ಪೇಟೆಂಟ್ ಕಾನೂನಿನಲ್ಲಿ, ಅರ್ಜಿಗೆ ಮುನ್ನ ಬಹಿರಂಗವಾದದ್ದು ಹೊಸದೆನಿಸುವುದಿಲ್ಲ, ಹಾಗಾಗಿ ಅದಕ್ಕೆ ಪೇಟೆಂಟ್ ಸಿಗದು. ಗ್ರಂಥಾಲಯದಲ್ಲಿ ಎಲ್ಲರಿಗೂ ಸಿಗುವ ಪ್ರಬಂಧವೂ ಬಹಿರಂಗವೇ. ಆದ್ದರಿಂದ ಪ್ರಬಂಧ ಸಲ್ಲಿಸುವ ದಿನಾಂಕವನ್ನು ಒಪ್ಪಂದದಲ್ಲೇ ಬರೆಸಿ. ಕರಡು ಓದಿ ಆಕ್ಷೇಪ ಹೇಳಲು ಅವರಿಗೆ 30 ದಿನ ಕೊಟ್ಟರೆ ಒಳ್ಳೆಯದು.

ಇನ್ನೊಂದು ಮಾತು, ತುಂಬಾ ಜನ ಎಡವುವುದು ಇಲ್ಲೇ: ಲ್ಯಾಬಿನಲ್ಲಿ ನಿಮ್ಮ ಅವಧಿ ಮುಗಿದ ಕೂಡಲೇ ಅಲ್ಲಿನ ಲಾಗಿನ್ ಮುಚ್ಚಿಹೋಗಬಹುದು. ಗ್ರಾಫಿನ ಚಿತ್ರಗಳಷ್ಟೇ ಸಾಲವು. ಕಚ್ಚಾ ಫೈಲು, ಕ್ಯಾಲಿಬ್ರೇಶನ್ ದಾಖಲೆ, ಉಪಕರಣದ ಸೆಟ್ಟಿಂಗ್ ಇವನ್ನು ಅನುಮತಿಯೊಂದಿಗೆ ಕೊನೆಯ ವಾರಕ್ಕೆ ಮುಂಚೆಯೇ ನಕಲು ಮಾಡಿಕೊಳ್ಳಿ.