ಸಂಜೆಯ ಲೆಕ್ಕ ಡಾಕ್ಟರಿಗೆ ಗೊತ್ತಿರಲಿ

ಆಪರೇಷನ್‌ಗೆ ದಿನ ಗೊತ್ತಾದ ಮನೆಯಲ್ಲಿ ತಯಾರಿಗೆ ಕೊರತೆಯಿರುವುದಿಲ್ಲ. ಆಯುಷ್ಮಾನ್ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ರಕ್ತ ಬೇಕಾದರೆ ಕೊಡಲು ಇಬ್ಬರು ಹುಡುಗರು, ಫ್ಲಾಸ್ಕು, ಚಾಪೆ, ಅಮಾವಾಸ್ಯೆ ತಪ್ಪಿಸಿ ಆರಿಸಿದ ತಾರೀಖು. ಇಷ್ಟೆಲ್ಲ ಸರಿಯಾಗಿ ನಡೆದರೂ ಅನಸ್ತೇಶಿಯಾ ಡಾಕ್ಟರು (ಅರಿವಳಿಕೆ ಕೊಡುವವರು) ಕೇಳುವ ಒಂದು ಪ್ರಶ್ನೆಗೆ ಸುಳ್ಳು ಉತ್ತರ ಹೋಗುತ್ತದೆ. "ಕುಡಿಯೋ ಅಭ್ಯಾಸ ಇದೆಯಾ?" "ಇಲ್ಲ ಸಾರ್." ಎಷ್ಟೋ ಸಲ ಆ "ಇಲ್ಲ" ರೋಗಿಯ ಬಾಯಿಂದಲೂ ಬರುವುದಿಲ್ಲ, ಪಕ್ಕದಲ್ಲಿ ನಿಂತ ಮಗನೋ ಹೆಂಡತಿಯೋ ಹೇಳಿಬಿಡುತ್ತಾರೆ. ಇಂಥವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ. ಅವರಲ್ಲೊಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ.

ಮಲೆನಾಡಿನ ಅಡಿಕೆ ಬೆಳೆಗಾರರು, ಅರವತ್ತು ದಾಟಿದವರು. ತೊಡೆಸಂದಿನ ಹರ್ನಿಯಾ, ಎಂದರೆ ಕರುಳು ಹೊರಚಾಚಿ ಗಂಟಾಗುವ ತೊಂದರೆ. ಎರಡು ಸಲ ಅಡ್ಮಿಟ್ ಆಗಿ ಎರಡು ಸಲವೂ ಆಪರೇಷನ್ ಆಗದೆ ಮನೆಗೆ ಬಂದಿದ್ದರು. ಹಿಂದಿನ ದಿನ ಸರಿಯಿದ್ದ ಬಿಪಿ ಬೆಳಗಾಗುವಷ್ಟರಲ್ಲಿ 180 ದಾಟುತ್ತಿತ್ತು. ಕೈ ನಡುಕ, ಬೆವರು, ರಾತ್ರಿಯಿಡೀ ನಿದ್ದೆಯಿಲ್ಲ. ಮನೆಗೆ ಬಂದ ಮರುದಿನ ಎಲ್ಲವೂ ಸರಿ. "ಅಪ್ಪಯ್ಯಂಗೆ ಆಸ್ಪತ್ರೆ ಅಂದ್ರೆ ಭಯ ಮೇಡಂ, ನೀವು ಸ್ವಲ್ಪ ಧೈರ್ಯ ಹೇಳಿ" ಎಂದು ಮಗಳು ಕರೆದುಕೊಂಡು ಬಂದಳು. ಆಸ್ಪತ್ರೆಯವರ ಚೀಟಿಯಲ್ಲೂ ಆತಂಕ ಎಂದೇ ಬರೆದಿತ್ತು.

ಮಗಳನ್ನು ಹೊರಗೆ ಕೂರಿಸಿದೆ. ಇದು ನನ್ನ ಪದ್ಧತಿ. ಯಾರೇ ಬರಲಿ, ಒಂದಷ್ಟು ಹೊತ್ತು ಒಬ್ಬರೇ ಮಾತಾಡಬೇಕು. ಅವರ ಭಯದ ಮಾತನ್ನು ನಾನು ಎತ್ತಲಿಲ್ಲ. ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ ಎಂದು ಕೇಳಿದೆ. ಬೆಳಗಿನ ಕಾಫಿ, ಹಾಲು ಡೈರಿಗೆ, ತೋಟದ ಕೊಳೆರೋಗ, ಔಷಧಿ ಹೊಡೆಯುವವರು ಸಿಗದ ಕಷ್ಟ, ಎಲ್ಲವನ್ನೂ ಸಲೀಸಾಗಿ ಹೇಳಿದರು. ಮಧ್ಯಾಹ್ನದ ಊಟವಾಯಿತು, ನಿದ್ದೆಯಾಯಿತು. ಅಲ್ಲಿಗೆ ಮಾತು ನಿಂತಿತು.

"ಆಮೇಲೆ ಸಂಜೆ?"

"ಸಂಜೆ ಪಂಪ್‌ಹೌಸಿಗೆ ಹೋಗಿ ಬರ್ತೇನೆ."

"ಮಳೆಗಾಲದಲ್ಲೂ?"

ತುಂಬ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಕೊನೆಗೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: "ಹೆದರಿಕೆಗೆ ಬಿಪಿ ಏರೋದಲ್ಲ ಮೇಡಂ. ಆಸ್ಪತ್ರೆಯಲ್ಲಿ ನಂಗೆ ಸಂಜೆದು ಸಿಗೋದಿಲ್ಲ."

ದಿನಕ್ಕೊಂದು ಕ್ವಾರ್ಟರ್, ಕೆಲವು ದಿನ ಅದಕ್ಕಿಂತ ಹೆಚ್ಚು. ಮನೆಯವರ ಲೆಕ್ಕದಲ್ಲಿ ಅವರು ಕುಡಿತ ಬಿಟ್ಟು ವರ್ಷಗಳಾಗಿದ್ದವು. ಧರ್ಮಸ್ಥಳಕ್ಕೆ ಹೋಗಿ ಮಂಜುನಾಥಸ್ವಾಮಿಯ ಮೇಲೆ ಆಣೆ ಮಾಡಿ ಬಂದಿದ್ದರು. ನಮ್ಮ ಕಡೆಯವರಿಗೆ ಆ ಆಣೆಯ ಭಾರ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದೆರಡು ವರ್ಷ ಉಳಿಸಿಕೊಂಡರು, ಆಮೇಲೆ ಅಡಿಕೆ ದರ ಬಿದ್ದ ಒಂದು ವರ್ಷ ಮತ್ತೆ ಶುರುವಾಯಿತು. "ಆಣೆ ತಪ್ಪಿದವ ನಾನು. ಟೇಬಲ್ ಮೇಲೆ ಹೋದ್ರೆ ಹೋಗ್ಲಿ, ಮಗಳಿಗೆ ಮಾತ್ರ ಗೊತ್ತಾಗೋದು ಬೇಡ" ಎಂದರು.

ಈ ಮಾತು ನನ್ನನ್ನು ಇವತ್ತಿಗೂ ಕಾಡುತ್ತದೆ. ಜೀವಕ್ಕಿಂತ ಮಾನ ದೊಡ್ಡದು ಎಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮನೆಯೆಂಬ ಮನೆಯೇ ಅದನ್ನು ಕಲಿಸಿತ್ತು.

ಅವರಿಗೆ ಮೊದಲು ದೇಹದ ಲೆಕ್ಕ ಹೇಳಿದೆ. ದಿನವೂ ಕುಡಿಯುವ ದೇಹಕ್ಕೆ ಒಮ್ಮೆಲೇ ಮದ್ಯ ತಪ್ಪಿದರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಎದೆಬಡಿತ, ಬಿಪಿ ಏರಿಕೆ ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಎರಡು ಮೂರನೇ ದಿನಕ್ಕೆ ಇನ್ನು ಕೆಲವರು ದಿಕ್ಕು ತಪ್ಪಿ, ಇಲ್ಲದ್ದನ್ನು ಕಂಡು, ಗ್ಲೂಕೋಸಿನ ನಳಿಕೆ ಕಿತ್ತುಕೊಂಡು ಎದ್ದು ಓಡಲು ನೋಡುತ್ತಾರೆ. ಹೊಟ್ಟೆಯ ಕೆಳಗೆ ಹೊಸ ಹೊಲಿಗೆ ಇರುವವರು ಹಾಗೆ ಮಾಡಿದರೆ ಏನಾದೀತು? ವಾರ್ಡಿನಲ್ಲಿ ಇದನ್ನು ಕಂಡ ಮನೆಯವರು "ಮತ್ತಿನ ಔಷಧಿ ಜಾಸ್ತಿ ಕೊಟ್ಟು ತಲೆ ಕೆಡಿಸಿದರು" ಎಂದು ಡಾಕ್ಟರ ಮೇಲೆ ಹರಿಹಾಯುತ್ತಾರೆ, ಕೆಲವರು ಗಾಳಿ ಸೋಕಿತೆಂದು ತಾಯಿತ ಕಟ್ಟುತ್ತಾರೆ. ಮೊದಲೇ ಗೊತ್ತಿದ್ದರೆ ತಡೆಯಲು ಔಷಧಿ ಇದೆ. ಎರಡು ಸಲ ಬಿಪಿ ಏರಿ ಆಪರೇಷನ್ ನಿಂತದ್ದು ಒಳ್ಳೆಯದೇ ಆಯಿತು ಎಂದು ಅವರಿಗೆ ನೇರವಾಗಿಯೇ ಹೇಳಿದೆ.

"ಹಾಗಾದ್ರೆ ಇವತ್ತಿಂದಲೇ ಬಿಟ್ಟುಬಿಡ್ತೇನೆ" ಎಂದರು. ಬೇಡ ಎಂದೆ. ಕುಡಿತ ಬಿಡಬೇಡಿ ಎಂದು ಹೇಳುವ ಸಲಹೆಗಾರ್ತಿ ಎಂಥವಳು ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದ್ದಾರೆ. ನಾನು ಹೇಳಿದ್ದು ಇಷ್ಟು: ಮನೆಯಲ್ಲಿ, ಒಬ್ಬರೇ, ಡಾಕ್ಟರಿಗೆ ತಿಳಿಸದೆ ಒಮ್ಮೆಲೇ ಬಿಡಬೇಡಿ. ಅದು ಪ್ರಾಣಕ್ಕೇ ಬರಬಹುದು. ಮನೋವೈದ್ಯರ ಕೈಕೆಳಗೆ ಬಿಡಿ. ಅವರು ಮಾತ್ರೆ ಕೊಟ್ಟು ಅದನ್ನು ದಿನದಿನಕ್ಕೆ ಇಳಿಸುತ್ತಾರೆ, ಥಯಾಮಿನ್ ಎಂಬ ಬಿ1 ವಿಟಮಿನ್ ಚುಚ್ಚುತ್ತಾರೆ. ಆಪರೇಷನ್‌ಗೆ ನಾಲ್ಕು ವಾರ ಮುಂಚೆಯೇ ಕುಡಿತ ನಿಂತಿದ್ದರೆ ಆಮೇಲಿನ ತೊಡಕುಗಳೂ ಕಡಿಮೆ. ಅಷ್ಟು ದಿನ ಕಾಯಬಹುದೇ ಎಂಬುದನ್ನು ಸರ್ಜನ್ ಹೇಳಬೇಕು, ನಾನಲ್ಲ. ಇವರ ಹರ್ನಿಯಾ ಕಾಯುವಂಥದ್ದಾಗಿತ್ತು. ಆದರೆ ಗಂಟು ಒಳಗೆ ಹೋಗದೆ ಸಿಕ್ಕಿಕೊಂಡು ವಾಂತಿ, ತಡೆಯಲಾರದ ನೋವು ಬಂದರೆ ತಕ್ಷಣ ಬರಬೇಕೆಂದು ಸರ್ಜನ್ ಎಚ್ಚರಿಸಿದ್ದರು.

ಆಣೆಯ ಮಾತಿಗೆ ಬಂದಾಗ, "ದೇವರ ಲೆಕ್ಕಕ್ಕೆ ತಪ್ಪುಕಾಣಿಕೆ ಇದೆಯಲ್ಲ ಯಜಮಾನರೇ, ಅದನ್ನು ತೆಗೆದಿಡಿ, ವಾಸಿಯಾದ ಮೇಲೆ ನೀವೇ ಹೋಗಿ ಹಾಕಿ ಬನ್ನಿ. ಡಾಕ್ಟರ ಲೆಕ್ಕ ಮೊದಲು ಮುಗಿಸಿ" ಎಂದೆ. ಆಪ್ತಸಲಹೆಯಲ್ಲಿ ದೇವರನ್ನು ತರಬಾರದು ಎಂಬ ಆಕ್ಷೇಪ ನನಗೆ ಗೊತ್ತು. ಅವರನ್ನು ಕಟ್ಟಿಹಾಕಿದ್ದು ಆಣೆ. ಆಣೆ ಇರುವ ಲೋಕದಲ್ಲೇ ಅದರಿಂದ ಹೊರಬರುವ ದಾರಿಯೂ ಇರುವಾಗ, ಅದನ್ನು ನೆನಪಿಸದೆ ಇರುವುದು ನಿರ್ದಯೆ ಎಂದು ನಾನು ನಂಬಿದ್ದೇನೆ.

ಉಳಿದದ್ದು ಡಾಕ್ಟರಿಗೆ ತಿಳಿಸುವ ದಾರಿ. ನಮ್ಮಲ್ಲಿ ರೋಗಿಯ ಫೈಲು ರೋಗಿಯ ಕೈಯಲ್ಲಿರುವುದಿಲ್ಲ, ಮಗ, ಮಗಳು, ಅಳಿಯನ ಕೈಯಲ್ಲಿರುತ್ತದೆ. ಅದರಲ್ಲಿ ಬರೆದದ್ದು ಸಂಜೆಯೊಳಗೆ ನೆಂಟರಿಗೆಲ್ಲ ಗೊತ್ತು. ಹಾಗಾಗಿ ಚೀಟಿ ಕೊಡಲಿಲ್ಲ. ಅವರನ್ನು ಕೇಳಿ, ಅವರ ಎದುರಿಗೇ ಅನಸ್ತೇಶಿಯಾ ಡಾಕ್ಟರಿಗೆ ಫೋನ್ ಮಾಡಿ, "ಇವರನ್ನು ಒಬ್ಬರನ್ನೇ ಒಳಗೆ ಕರೆದು ಮಾತಾಡಿಸಿ" ಎಂದಷ್ಟೇ ಹೇಳಿದೆ. ವಿಷಯವನ್ನು ಅವರೇ ಹೇಳಿದರು.

ಮಗಳಿಗೆ ನಾನು ಸುಳ್ಳು ಹೇಳಲಿಲ್ಲ. "ಕಾರಣ ಸಿಕ್ಕಿದೆ, ಔಷಧಿ ಇದೆ, ಏನೆಂದು ಅಪ್ಪಯ್ಯನೇ ಹೇಳಬೇಕು" ಎಂದೆ. ಅವರು ಮೊದಲು ಹೆಂಡತಿಗೆ ಹೇಳಿದರು. ಆಕೆಗೆ ಗೊತ್ತೇ ಇತ್ತಂತೆ, ಪಂಪ್‌ಹೌಸಿನ ಬಾಟಲಿಗಳನ್ನು ಆಕೆಯೇ ಹೂಳುತ್ತಿದ್ದರಂತೆ. ಮಗಳು ನನ್ನ ಬಳಿ ಬಂದು ಕೂಗಾಡಿದಳು: "ಅಪ್ಪಯ್ಯನ ಜೀವದ ಪ್ರಶ್ನೆ, ನನ್ನ ಹತ್ರ ಯಾಕೆ ಮುಚ್ಚಿಟ್ರಿ?" 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. ನಾನು ಬಾಯಿಬಿಡದೆ ಇದ್ದದ್ದು ಕಾಯ್ದೆಯ ಹೆದರಿಕೆಗಲ್ಲ. ಮಗಳಿಗೆ ಹೇಳಿಬಿಡುತ್ತಾಳೆ ಎಂಬ ಅನುಮಾನ ಒಂದಿಷ್ಟು ಇದ್ದಿದ್ದರೂ ಅವರು ಬಾಯಿ ಬಿಡುತ್ತಿರಲಿಲ್ಲ. ತಿಳಿಯಲೇಬೇಕಾದವರು ಅನಸ್ತೇಶಿಯಾ ಡಾಕ್ಟರು, ಅವರಿಗೆ ತಿಳಿಯಿತು. ಹಾಗೆಂದು ಅವಳಿಗೆ ಹೇಳಿದೆ. ಅವಳು ಒಪ್ಪಿದಳೆಂದು ನಾನು ಹೇಳಲಾರೆ.

ಓದುವವರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯ ಹಿರಿಯರನ್ನು ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಕರೆದೊಯ್ದಾಗ ಐದು ನಿಮಿಷ ಹೊರಗೆ ನಿಲ್ಲಿ. "ಅವರ ಹತ್ರ ಒಬ್ಬರೇ ಮಾತಾಡಿ ಡಾಕ್ಟ್ರೇ" ಎಂದು ನೀವೇ ಹೇಳಿ. ಮದ್ಯ ಒಂದೇ ಅಲ್ಲ. ಸೊಸೆಗೆ ಕಾಣದಂತೆ ಕಡ್ಡಿಪುಡಿ ಹಾಕುವ ಅತ್ತೆ, ನಿದ್ದೆಗೆಂದು ವರ್ಷಗಟ್ಟಲೆ ಮಾತ್ರೆ ನುಂಗುವ ಚಿಕ್ಕಮ್ಮ, ನಾಟಿ ಪುಡಿ ತಿನ್ನುವ ಮಾವ, ರಕ್ತ ತೆಳು ಮಾಡುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಿದವರು, ಎಲ್ಲರಿಗೂ ಆ ಐದು ನಿಮಿಷ ಬೇಕು. ಕುಡಿತದ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೇ ಹೋಗಬೇಕೆಂದಿಲ್ಲ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಯಜಮಾನರ ಆಪರೇಷನ್ ಆಯಿತು, ಬೆಳಿಗ್ಗೆಯ ಬಿಪಿ ಸರಿಯಿತ್ತು, ಮೂರನೇ ದಿನವೂ ಮೈಮೇಲೆ ಎಚ್ಚರವಿತ್ತು. ಕುಡಿತ ಪೂರ್ತಿ ಬಿಟ್ಟರೇ ಎಂದು ಕೇಳುವವರಿದ್ದಾರೆ. ನಡುವೆ ಒಂದು ಮದುವೆ ಮನೆಯಲ್ಲಿ ತಪ್ಪಿದರು, ಮರುದಿನ ತಾವೇ ಮನೋವೈದ್ಯರ ಬಳಿ ಹೋದರು. ಈ ಸಲ ಜೊತೆಗೆ ಮಗಳಿದ್ದಳು.