ಸುಸ್ತಾಗಿ ನಡುರಾತ್ರಿ ರೂಮಿಗೆ ಬಂದ್ರೂ ಒಳಗೊಳಗೆ ಖುಷಿ ಯಾಕೆ?

ಬೆಂಗಳೂರಲ್ಲಿ ಕೆಲಸ ಮುಗಿಸಿ ಲೇಟಾಗಿ ರೂಮ್ ಸೇರಿದಾಗ ಮೈಯೆಲ್ಲ ನೋಯ್ತಿದ್ರೂ ಒಂಥರಾ ಹಾಯ್ ಅನ್ಸುತ್ತಲ್ಲ, ಬೇರೆಯವ್ರಿಗೂ ಹಿಂಗೇ ಆಗುತ್ತಾ ಅಂತ ಕೇಳಿದೀರ. ನನಗಂತೂ ಆಗುತ್ತೆ.

ನಂದು ಯುಕೆ ಶಿಫ್ಟು, ಅಂದ್ರೆ ಇಂಗ್ಲೆಂಡ್ ಟೈಮಿಗೆ ಕೆಲಸ. ಆಫೀಸ್ ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ಐಟಿಪಿಎಲ್ ಕಡೆ, ರೂಮು ವಿಜಯನಗರ, ಅಂದ್ರೆ ಊರಿನ ಆ ತುದಿಯಿಂದ ಈ ತುದಿ. ಬೇಸಿಗೇಲಿ ಅವರ ಬೆಳಗ್ಗೆ ಒಂಬತ್ತು ನಮಗೆ ಮಧ್ಯಾಹ್ನ ಒಂದೂವರೆ, ಹಂಗಾಗಿ ರಾತ್ರಿ ಹತ್ತೂವರೆಗೆ ಲಾಗೌಟ್ ಮಾಡಿ ಎದ್ದುಬಿದ್ದು ಓಡಿದ್ರೆ ಕೊನೇ ಮೆಟ್ರೋ ಸಿಗುತ್ತೆ. ಅಕ್ಟೋಬರ್ ಕೊನೇ ಭಾನುವಾರ ಅವ್ರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ ನೋಡಿ, ಲಂಡನ್‌ನಲ್ಲಿ ಯಾರಿಗೋ ಬೆಳಕು ಬೇಕು ಅಂತ ನಂಗೆ ಶಿಫ್ಟ್ ಮುಗಿಯೋದೇ ಹನ್ನೊಂದೂವರೆಗೆ, ಮಾರ್ಚ್ ಕೊನೆವರೆಗೂ ಮೆಟ್ರೋ ಇಲ್ಲ, ಆಫೀಸ್ ಕ್ಯಾಬಲ್ಲಿ ಎಲ್ರ ಮನೆ ಬಾಗಿಲು ಸುತ್ಕೊಂಡು ಬರ್ಬೇಕು.

ಮೆಟ್ರೋ ತಿಂಗಳುಗಳೇ ವಾಸಿ. 2023ರ ಅಕ್ಟೋಬರ್‌ಗೆ ಮುಂಚೆ ಬೈಯಪ್ಪನಹಳ್ಳಿಗೂ ಕೆ.ಆರ್.ಪುರಕ್ಕೂ ಮಧ್ಯೆ ರೈಲೇ ಇರ್ಲಿಲ್ಲ, ನಿದ್ದೆ ಹತ್ತೋ ಹೊತ್ತಿಗೆ ಇಳಿದು ಬಸ್ ಹಿಡಿಯೋ ಕರ್ಮ. ಈಗ ಸೀಟ್ ಸಿಕ್ಕಿದ್ರೆ ಸೀದಾ ನಿದ್ದೆ. ಎಂ.ಜಿ.ರೋಡ್ ಆದ್ಮೇಲೆ ಸುರಂಗಕ್ಕೆ ಇಳಿದಿದ್ದು ಗೊತ್ತೇ ಆಗಲ್ಲ, ಮಾಗಡಿ ರೋಡ್ ಹತ್ರ ಮೇಲೆ ಬಂದಾಗ ತಾನಾಗೇ ಎಚ್ಚರ, ಇನ್ನೆರಡು ಸ್ಟೇಷನ್ನು.

ಇಳಿದ್ರೆ ಎಗ್ ರೈಸ್ ಗಾಡಿ ಅಣ್ಣ ಬಾಣಲೆ ಉಜ್ಜೋಕೆ ರೆಡಿಯಾಗಿರ್ತಾರೆ, ನನ್ ಮುಖ ನೋಡಿ "ಏನ್ ಗುರು, ಇವತ್ತೂ ಲೇಟಾ" ಅಂತ ಉಳಿದಿದ್ದನ್ನೆಲ್ಲ ಕಟ್ಟಿಕೊಡ್ತಾರೆ, ಹಾಫ್ ದುಡ್ಡಿಗೆ ಫುಲ್. ಏಪ್ರಿಲ್‌ನಲ್ಲೂ ಆ ಹೊತ್ತಿಗೆ ಗಾಳಿ ತಣ್ಣಗಿರುತ್ತೆ, ಒಂಬೈನೂರು ಮೀಟರ್ ಎತ್ತರದಲ್ಲಿರೋ ಊರಿನ ಪುಣ್ಯ. ರೂಮ್‌ಮೇಟ್ ಒಂದು ಬಕೆಟ್ ನೀರು ಹಿಡಿದಿಟ್ಟು ಮಲಗಿರ್ತಾನೆ, ಲೈಟ್ ಹಾಕಂಗಿಲ್ಲ, ಕಾಲು ತೊಳ್ಕೊಂಡು ಅಡುಗೆಮನೆ ಕಟ್ಟೆ ಮೇಲೆ ಕೂತು ಪೊಟ್ಟಣದಿಂದಾನೇ ತಿನ್ನೋದು.

ಯಾಕೆ ಖುಷಿ ಅಂದ್ರೆ, ನನ್ ಪ್ರಕಾರ ಅದು ಕೆಲಸ ಮಾಡಿದ್ದಕ್ಕಲ್ಲ. ಕಷ್ಟಪಟ್ಟು ದುಡಿದ ತೃಪ್ತಿ ಅಂತೆಲ್ಲ ಹೇಳ್ತಾರಲ್ಲ, ಎಕ್ಸೆಲ್ ಶೀಟಲ್ಲಿ ಕಲರ್ ಬದಲಾಯಿಸಿದ್ದಕ್ಕೆ ಯಾವ ತೃಪ್ತಿ ಸ್ವಾಮಿ? ಆ ಒಂದು ಗಂಟೆ ನನ್ ಹತ್ರ ಯಾರೂ ಏನೂ ಕೇಳಲ್ಲ, ಅಷ್ಟೇ. ಮ್ಯಾನೇಜರ್ ಆಫ್‌ಲೈನ್, ಓನರ್ ಆಂಟಿ ಮಲಗಿದಾರೆ, ತಿಪಟೂರಲ್ಲಿ ಅಮ್ಮ "ಊಟ ಆಯ್ತೇನೋ, ಹುಡುಗಿ ನೋಡೋಣ್ವೇನೋ" ಅಂತ ಕೇಳೋದು ಸಂಜೆ ಬ್ರೇಕಲ್ಲೇ ಮುಗಿದಿರುತ್ತೆ. ಸುಸ್ತು ಯಾಕೆ ಬೇಕು ಅಂದ್ರೆ, ಸುಸ್ತಿಲ್ದೆ ಸುಮ್ನೆ ಕೂತ್ರೆ ಜಿಮ್ಮಿಗೆ ಹೋಗ್ಬಹುದಿತ್ತು, ಕೋರ್ಸ್ ಮಾಡ್ಬಹುದಿತ್ತು ಅಂತ ನಮ್ ಮನಸ್ಸೇ ಲೆಕ್ಕ ಕೇಳುತ್ತೆ. ಸುಸ್ತಾಗಿದ್ರೆ ಅದೂ ಬಾಯಿ ಮುಚ್ಕೊಂಡಿರುತ್ತೆ.

ಆದ್ರೆ ಆ ಗಂಟೇನ ಎಳೀಬೇಡಿ, ರೀಲ್ಸ್ ನೋಡ್ತಾ ಎರಡೂವರೆ ಆದ್ರೆ ಬೆಳಗ್ಗೆ ತಲೆನೋವು ಒಂದೇ ಗಿಟ್ಟೋದು. ಅಂದಹಾಗೆ ನಿಮ್ದು ಯಾವ ಶಿಫ್ಟು? ಯುಎಸ್ ಆದ್ರೆ ಇದೆಲ್ಲ ಲೆಕ್ಕಕ್ಕಿಲ್ಲ ಬಿಡಿ, ನೀವು ಮನೆ ಸೇರೋ ಹೊತ್ತಿಗೆ ಹಾಲಿನವ್ರು ಬಂದು ಹೋಗಿರ್ತಾರೆ.