ಶೇಕಡಾವಾರು ಬಿಡಿ, ಉತ್ತರಗಳನ್ನು ಓದಿ

ಪ್ರಿಯ ಲೇಖಕರೇ,

ಪ್ಯಾನಿಕ್ ಅಟ್ಯಾಕ್ (ಥಟ್ಟನೆ ಎರಗುವ ತೀವ್ರ ಭಯ) ಕುರಿತು ಆನ್‌ಲೈನ್ ಸಮೀಕ್ಷೆ ನಡೆಸಿ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಅದನ್ನು ಕೈಬಿಡಲು ನನಗೆ ಮನಸ್ಸಿಲ್ಲ, ನೀವೂ ಬಿಡಬೇಡಿ.

‘ಮೂವರಲ್ಲಿ ಇಬ್ಬರಿಗೆ ಪ್ಯಾನಿಕ್ ಅಟ್ಯಾಕ್’ ಎಂದು ಆರಂಭದಲ್ಲೇ ಘೋಷಿಸಿದ್ದೀರಿ. ಇದು ನಿಲ್ಲುವ ಮಾತಲ್ಲ. ಪ್ರಶ್ನಾವಳಿಯ ಶೀರ್ಷಿಕೆಯಲ್ಲೇ ವಿಷಯ ಹೇಳಿದ್ದರಿಂದ, ಅದನ್ನು ಅನುಭವಿಸಿದವರೇ ಹೆಚ್ಚಾಗಿ ತೆರೆದು ಉತ್ತರಿಸಿರುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಊರಿನ ರೋಗಿಗಳನ್ನು ಎಣಿಸಿದ ಹಾಗಾಯಿತು. ಉತ್ತರಿಸಿದವರು ಬಹಳ ಮಂದಿ ಎಂಬ ಸಮರ್ಥನೆಯೂ ಸಾಲದು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ ನಡೆಸಿದ ಸಮೀಕ್ಷೆಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದಿದ್ದವು. ಆದರೂ ಸೋಲುತ್ತಾರೆ ಎಂದು ಅದು ಹೇಳಿದ್ದ ರೂಸ್‌ವೆಲ್ಟ್ ಭಾರಿ ಅಂತರದಿಂದ ಗೆದ್ದರು. ಮಾದರಿಯನ್ನು ಕ್ರಮವಾಗಿ ಆರಿಸಿ ಹಲವು ದೇಶಗಳಲ್ಲಿ ನಡೆಸಿದ ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಗಳಲ್ಲಿ, ಬದುಕಿನಲ್ಲಿ ಒಮ್ಮೆಯಾದರೂ ಪ್ಯಾನಿಕ್ ಅಟ್ಯಾಕ್ ಆದವರು ಶೇ. 13ರಷ್ಟು.

‘ನಿಮಗೆ ಪ್ಯಾನಿಕ್ ಅಟ್ಯಾಕ್ ಆಗಿದೆಯೇ?’ ಎಂದಷ್ಟೇ ಕೇಳಿದರೆ, ದಿನವಿಡೀ ಕಾಡುವ ಆತಂಕಕ್ಕೂ ಜನ ‘ಹೌದು’ ಎನ್ನುತ್ತಾರೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಪ್ಯಾನಿಕ್ ಅಟ್ಯಾಕ್ ಎಂದರೆ ಥಟ್ಟನೆ ಎದ್ದು ನಿಮಿಷಗಳಲ್ಲೇ ತಾರಕಕ್ಕೇರುವ ಭಯ. 13 ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು ಇರಬೇಕು. ಎದೆ ಬಡಿತ ಏರಿತೇ, ಉಸಿರು ಕಟ್ಟಿತೇ, ಸಾಯುತ್ತೇನೆ ಎನಿಸಿತೇ ಎಂದು ಬಿಡಿಬಿಡಿಯಾಗಿ ಕೇಳಬೇಕಿತ್ತು. ಹೃದಯ ಅಥವಾ ಥೈರಾಯ್ಡ್ ತೊಂದರೆಯಲ್ಲೂ ಇಂಥ ಕೆಲವು ಲಕ್ಷಣಗಳು ಇರಬಹುದಾದ್ದರಿಂದ, ಉತ್ತರಿಸಿದವರನ್ನು ‘ರೋಗಿಗಳು’ ಎಂದು ಕರೆಯುವ ಹಕ್ಕು ನಿಮಗಿಲ್ಲ.

ಇನ್ನು ನನ್ನನ್ನು ಹಿಡಿದು ನಿಲ್ಲಿಸಿದ ಭಾಗ. ‘ಇತರೆ’ ಎಂಬ ಶೀರ್ಷಿಕೆಯಡಿ, ಕೊನೆಯ ಪುಟದಲ್ಲಿ, ಜನರು ತಾವಾಗಿ ಬರೆದ ಸಾಲುಗಳನ್ನು ತುರುಕಿದ್ದೀರಿ. ಒಬ್ಬರು ಸ್ನಾನದ ಮನೆಯ ಚಿಲಕ ಹಾಕುವುದನ್ನು ಬಿಟ್ಟಿದ್ದಾರೆ. ಇನ್ನೊಬ್ಬರು ಮೆಟ್ಟಿಲನ್ನೇ ಹತ್ತುವುದಿಲ್ಲ. ಏದುಸಿರು ಬಂದರೆ ಮತ್ತೆ ಅದೇ ಶುರುವಾಯಿತು ಎಂಬ ದಿಗಿಲು. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ ಸುಳಿ ಇದೇ ಅಲ್ಲವೇ? ದೇಹದ ಸಹಜ ಬದಲಾವಣೆಯನ್ನು ಮನಸ್ಸು ಅನಾಹುತವೆಂದು ಓದುತ್ತದೆ, ಆ ಭಯಕ್ಕೆ ದೇಹ ಇನ್ನಷ್ಟು ನಡುಗುತ್ತದೆ. ಇಷ್ಟು ಸ್ಪಷ್ಟವಾದ ಸಾಕ್ಷ್ಯ ಕೈಯಲ್ಲಿದ್ದೂ ನೀವು ಶೇಕಡಾವಾರಿನ ಪೈ ಚಾರ್ಟ್‌ಗಳನ್ನು ಬಿಡಿಸುತ್ತಾ ಕುಳಿತಿದ್ದೀರಿ! ಮನೆಯಿಂದ ಹೊರಗೆ ಕಾಲಿಡಲೂ ಹೆದರುವವರು, ಎದುರಿಗೆ ಕುಳಿತು ಹೇಳಲು ನಾಚುವವರು ಕೂಡ ಆನ್‌ಲೈನ್‌ನಲ್ಲಿ ಬರೆಯುತ್ತಾರೆ. ನಿಮ್ಮ ವಿಧಾನದ ನಿಜವಾದ ಬಲ ಅಲ್ಲಿದೆ. ಆ ಸಾಲುಗಳಿಂದಲೇ ಲೇಖನವನ್ನು ಹೊಸದಾಗಿ ಕಟ್ಟಿ.

ಅದಕ್ಕೂ ಮೊದಲು ಒಂದು ಗಂಭೀರ ವಿಷಯ. ‘ಹೆಸರು ಬೇಡ’ ಎಂದು ಭರವಸೆ ಕೊಟ್ಟು ಇಮೇಲ್ ವಿಳಾಸ ಪಡೆದಿದ್ದೀರಿ. ಮಾತುಗಳನ್ನು ಬಳಸಲು ಅನುಮತಿ ಕೇಳಿಲ್ಲ. ‘ಬದುಕುವುದೇ ಬೇಡ ಎನಿಸುತ್ತದೆ’ ಎಂದು ಒಬ್ಬರು ಬರೆದಿದ್ದಾರೆ. ನಿಮ್ಮ ನಮೂನೆಯಲ್ಲಿ ಒಂದು ಸಹಾಯವಾಣಿಯ ಸಂಖ್ಯೆಯೂ ಇರಲಿಲ್ಲ. ಅವರ ವಿಳಾಸವಿದ್ದರೆ ಈ ದಿನವೇ ಬರೆದು ನೆರವಿನ ದಾರಿ ತಿಳಿಸಿ. ಉಳಿದವರಿಂದ ಅನುಮತಿ ಪಡೆದ ಮೇಲೆ ವಿಳಾಸಗಳನ್ನು ಅಳಿಸಿಬಿಡಿ. ಒಪ್ಪದವರ ಒಂದು ಸಾಲನ್ನೂ ಬಳಸಬೇಡಿ.

ತಿದ್ದಿದ ಲೇಖನದ ಜೊತೆಗೆ ಮೂಲ ಪ್ರಶ್ನಾವಳಿಯನ್ನೂ ಕಳುಹಿಸಿ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದುತ್ತೇನೆ.

ಇತಿ,
ಸಂಪಾದಕ